ಕಣ್ಣಿಗೆ ಒಂದೇ, ಪಿಎಲ್‌ಸಿಗೆ ಬೇರೆ

ಪ್ಯಾಕಿಂಗ್ ಲೈನಿನಲ್ಲಿ ಕನ್ವೇಯರ್ ಮೇಲೆ ಪೆಟ್ಟಿಗೆಗಳು ಬರುತ್ತಿವೆ. ಸ್ಕ್ಯಾನರ್ ಒಂದೊಂದರ ಬಾರ್‌ಕೋಡ್ ಓದಿ ಪಿಎಲ್‌ಸಿಗೆ ಕಳಿಸುತ್ತದೆ. ಕೋಡ್ 'ಎ1204' ಆಗಿದ್ದರೆ ಪೆಟ್ಟಿಗೆ ಮುಂದೆ ಹೋಗಬೇಕು, ಇಲ್ಲದಿದ್ದರೆ ಪಕ್ಕಕ್ಕೆ ತಳ್ಳಿಸಿಕೊಳ್ಳಬೇಕು. ಪ್ರೋಗ್ರಾಂ ಬರೆದು ಓಡಿಸಿದರೆ ಸರಿಯಾದ ಪೆಟ್ಟಿಗೆಯೂ ಪಕ್ಕಕ್ಕೇ ಹೋಗುತ್ತಿದೆ! ಮಾನಿಟರಿನಲ್ಲಿ ಮಾತ್ರ ಎರಡೂ ಕಡೆ 'ಎ1204' ಎಂದೇ ಕಾಣುತ್ತದೆ. ಹೊಸದಾಗಿ ಕಲಿಯುವವರು ಇಲ್ಲಿ ಕಂಗಾಲಾಗುವುದು ಸಹಜ. ಹೋಲಿಸುವ ಇನ್‌ಸ್ಟ್ರಕ್ಷನ್ ಬಗ್ಗೆ ಅನುಮಾನ ಪಡುವ ಮೊದಲು, ಅದು ಏನನ್ನು ನೋಡುತ್ತಿದೆ ಎಂದು ತಿಳಿದುಕೊಳ್ಳೋಣ.

ಪಿಎಲ್‌ಸಿಗೆ ಅಕ್ಷರ ಗೊತ್ತಿಲ್ಲ, ಗೊತ್ತಿರುವುದು ಬೈಟ್ ಮಾತ್ರ. ಆಸ್ಕಿ ಪಟ್ಟಿಯಲ್ಲಿ ಇಂಗ್ಲಿಷಿನ ದೊಡ್ಡ 'ಎ' 65, ಸಣ್ಣ 'ಎ' 97. ಹಾಗಾಗಿ ಅವೆರಡೂ ಅದರ ಲೆಕ್ಕದಲ್ಲಿ ಬೇರೆ ಬೇರೆ. ಇಂಥ ಬೈಟ್‌ಗಳ ಸಾಲೇ ಸ್ಟ್ರಿಂಗ್. ಆ ಸಾಲು ಎಲ್ಲಿಗೆ ಮುಗಿಯಿತು ಎಂದು ಹೇಳುವ ರೀತಿ ಮಾತ್ರ ಒಂದೊಂದು ಕಂಪನಿಯದು ಒಂದೊಂದು. ಸೀಮೆನ್ಸ್ ಎಸ್7ನಲ್ಲಿ ಮೊದಲ ಬೈಟ್ ಗರಿಷ್ಠ ಉದ್ದ, ಎರಡನೆಯದು ಈಗಿನ ಉದ್ದ, ಅಕ್ಷರಗಳು ಆಮೇಲೆ. ಉದ್ದ ಹೇಳದೆ ಡಿಕ್ಲೇರ್ ಮಾಡಿದರೆ 254 ಅಕ್ಷರಕ್ಕೆ ಜಾಗ, ಒಟ್ಟು 256 ಬೈಟ್. ಅಲೆನ್-ಬ್ರಾಡ್ಲಿ ಲಾಜಿಕ್ಸ್‌ನಲ್ಲಿ ಉದ್ದಕ್ಕೆ 'ಲೆನ್' ಎಂಬ ಬೇರೆ ಮನೆಯೇ ಇದೆ, ಮಾಮೂಲು ಸ್ಟ್ರಿಂಗ್‌ನಲ್ಲಿ 82 ಅಕ್ಷರ ಹಿಡಿಸುತ್ತದೆ. ಕೋಡೆಸಿಸ್‌ನಲ್ಲಿ ಉದ್ದವನ್ನು ಎಲ್ಲೂ ಬರೆದಿಡುವುದಿಲ್ಲ, ಕೊನೆಗೆ ಸೊನ್ನೆ ಬೈಟ್ ಕಂಡರೆ ಅಲ್ಲಿಗೆ ಮುಗಿಯಿತು.

ಎರಡು ಸ್ಟ್ರಿಂಗ್ ಸಮ ಎನಿಸಿಕೊಳ್ಳಬೇಕಾದರೆ ಉದ್ದವೂ ಒಂದೇ ಇರಬೇಕು, ಪ್ರತಿ ಬೈಟೂ ಹೊಂದಬೇಕು.

ಈಗ ನಮ್ಮ ಪೆಟ್ಟಿಗೆಗೆ ಬನ್ನಿ. ಮೊದಲು ಎರಡೂ ಕಡೆಯ ಉದ್ದ ನೋಡಿ. ನಾವು ಬರೆದಿಟ್ಟ ಕೋಡಿನದು 5, ಸ್ಕ್ಯಾನರಿನಿಂದ ಬಂದದ್ದು 7! ಸ್ಕ್ಯಾನರಿನದನ್ನು ಒಂದೊಂದೇ ಬೈಟ್ ಬಿಡಿಸಿ ನೋಡಿದರೆ 65, 49, 50, 48, 52, ಆಮೇಲೆ 13, 10. ಕೊನೆಯ ಎರಡು ಕ್ಯಾರೇಜ್ ರಿಟರ್ನ್ ಮತ್ತು ಲೈನ್ ಫೀಡ್. ಓದಿದ್ದು ಮುಗಿಯಿತು ಎಂದು ತಿಳಿಸಲು ಎಷ್ಟೋ ಸ್ಕ್ಯಾನರ್‌ಗಳು ಇವನ್ನು ಸೇರಿಸುತ್ತವೆ, ಪರದೆಯ ಮೇಲೆ ಇವು ಕಾಣುವುದಿಲ್ಲ. ಸ್ಕ್ಯಾನರ್ ಸೆಟ್ಟಿಂಗ್‌ನಲ್ಲೇ ತೆಗೆದುಹಾಕಬಹುದು. ಆದರೆ ನಾಳೆ ಅದು ಕೆಟ್ಟು ಹೊಸದನ್ನು ಕೂರಿಸಿದಾಗ ಆ ಸೆಟ್ಟಿಂಗ್ ಯಾರಿಗೆ ನೆನಪಿರುತ್ತದೆ? ಪ್ರೋಗ್ರಾಂನಲ್ಲೇ ಕತ್ತರಿಸುವುದು ವಾಸಿ ಎಂಬುದು ನನ್ನ ಅಭಿಪ್ರಾಯ. ಐಇಸಿ 61131-3 ಮಾನದಂಡದ 'ಫೈಂಡ್' ಫಂಕ್ಷನ್ನಿನಿಂದ 13 ಎಲ್ಲಿದೆ ಎಂದು ಹುಡುಕಿ, 'ಲೆಫ್ಟ್' ಬಳಸಿ ಅದರ ಎಡಗಡೆಯ ಭಾಗವನ್ನಷ್ಟೇ ಇಟ್ಟುಕೊಳ್ಳಿ. ಹುಡುಕಿದ್ದು ಸಿಗದಿದ್ದರೆ 'ಫೈಂಡ್' 0 ಕೊಡುತ್ತದೆ. ಆಗ ಏನು ಮಾಡಬೇಕೆಂಬುದನ್ನೂ ಬರೆದಿಡಿ.

ಎಸ್7 ಬಳಸುವವರಿಗೆ ಇನ್ನೊಂದು ಮಾತು. ಬಂದ ಬೈಟ್‌ಗಳನ್ನು ನೇರವಾಗಿ ಸ್ಟ್ರಿಂಗ್‌ನ ತಲೆಯ ಮೇಲೆ ಕಾಪಿ ಮಾಡಬೇಡಿ. ಮಾಡಿದರೆ 'ಎ' ಅಕ್ಷರದ 65 ಗರಿಷ್ಠ ಉದ್ದವಾಗಿ ಕೂರುತ್ತದೆ, '1'ರ 49 ಈಗಿನ ಉದ್ದವಾಗುತ್ತದೆ. ಐದು ಅಕ್ಷರದ ಕೋಡ್ 49 ಅಕ್ಷರದ್ದಾಗಿ, '2'ರಿಂದ ಶುರುವಾಗುತ್ತದೆ! ಮೊದಲು ಅರೇಗೆ ತುಂಬಿಸಿಕೊಂಡು, ಅಲ್ಲಿಂದ 'ಕ್ಯಾರ್ಸ್ ಟು ಸ್ಟ್ರಿಂಗ್' ಇನ್‌ಸ್ಟ್ರಕ್ಷನ್ ಮೂಲಕ ಬದಲಾಯಿಸಿ.

ದೊಡ್ಡದು, ಚಿಕ್ಕದು ಎಂದು ಹೋಲಿಸುವಾಗಲೂ ಜೋಪಾನ. ಸ್ಟ್ರಿಂಗ್ ಆಗಿ '10' ಎಂಬುದು '9'ಕ್ಕಿಂತ ಚಿಕ್ಕದು, ಏಕೆಂದರೆ ಮೊದಲ ಅಕ್ಷರದಲ್ಲೇ ತೀರ್ಮಾನವಾಗಿಬಿಡುತ್ತದೆ. ಸಂಖ್ಯೆ ಬೇಕಿದ್ದರೆ ಮೊದಲು ಸಂಖ್ಯೆಯಾಗಿ ಬದಲಾಯಿಸಿ.

ಯಾವಾಗ ಹೋಲಿಸುತ್ತೀರಿ ಎಂಬುದೂ ಮುಖ್ಯ. ಸೀರಿಯಲ್ ಲೈನಿನಲ್ಲಿ 9600 ಬಾಡ್ ವೇಗಕ್ಕೆ ಒಂದು ಅಕ್ಷರ ಬರಲು ಸುಮಾರು 1 ಮಿಲಿಸೆಕೆಂಡ್ ಬೇಕು. ಕೋಡ್ ಅರ್ಧ ಬಂದಿರುವಾಗಲೇ ಪಿಎಲ್‌ಸಿಯ ಸ್ಕ್ಯಾನ್ ಹಾದುಹೋಗಬಹುದು. ಆದ್ದರಿಂದ ಪೂರ್ತಿ ಬಂತು ಎಂಬ ಬಿಟ್ ಆನ್ ಆದಮೇಲಷ್ಟೇ ಹೋಲಿಸಿ. ಹೋಲಿಸಿದ ಕೂಡಲೇ ಬಂದ ಕೋಡನ್ನು ಅಳಿಸಿ, ಇಲ್ಲದಿದ್ದರೆ ಮುಂದಿನ ಪೆಟ್ಟಿಗೆಯ ಬಾರ್‌ಕೋಡ್ ಓದಲಾಗದಿದ್ದಾಗ ಹಿಂದಿನದರ ಹೆಸರಿನಲ್ಲಿ ಅದೂ ಪಾಸಾಗುತ್ತದೆ. ಅಳಿಸಿದ ಮೇಲೆ ಉಳಿಯುವುದು ಖಾಲಿ ಸ್ಟ್ರಿಂಗ್. ಹೋಲಿಸಬೇಕಾದ ಕೋಡನ್ನು ಆಪರೇಟರ್ ತುಂಬಿಸುವಂತಿದ್ದು, ಇನ್ನೂ ತುಂಬಿಸಿರದಿದ್ದರೆ ಆ ಕಡೆಯೂ ಖಾಲಿಯೇ, ಖಾಲಿಗೆ ಖಾಲಿ ಸಮ! ಹೋಲಿಕೆಯ ಜೊತೆಗೇ ಉದ್ದ 0ಗಿಂತ ಹೆಚ್ಚಿದೆಯೇ ಎಂಬ ಷರತ್ತನ್ನೂ ಅದೇ ರಂಗ್‌ನಲ್ಲಿ ಹಾಕಿ.