ಸಮನ್ಸ್ ಬಂದ ಸೋದರಳಿಯನಿಗೆ



ಸಮನ್ಸ್ ಬಂದಾಗಿನಿಂದ ನಿನಗೆ ಊಟ ಸೇರುತ್ತಿಲ್ಲ, ನಿದ್ದೆ ಹತ್ತುತ್ತಿಲ್ಲ ಎಂದು ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ರಸ್ತೆ ಜಗಳಗಳು ಕಟ್ಟುಕಟ್ಟಾಗಿ ಕೇಸಾಗಿ ಬರುವುದನ್ನು ಕಣ್ಣಾರೆ ಕಂಡಿದ್ದೇನೆ. ಬೆಂಗಳೂರಿನಲ್ಲಿ ನಿನ್ನಂತೆಯೇ ಸಮನ್ಸ್ ಹಿಡಿದು ಕಂಗೆಟ್ಟ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ಅವರೂ ಓದಲಿ ಎಂದು ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ಸಿಗ್ನಲ್ ಹತ್ತಿರ ನಿನ್ನ ಸ್ಕೂಟರಿಗೂ ಒಂದು ಕಾರಿಗೂ ಕನ್ನಡಿ ತಾಗಿತು, ಮಾತಿಗೆ ಮಾತು ಬೆಳೆಯಿತು. ನೀನು ಅಡ್ಡಗಟ್ಟಿ ಕೆನ್ನೆಗೆ ಹೊಡೆದೆ ಎನ್ನುತ್ತಾರೆ ಕಾರಿನವರು. ಕೈ ಎತ್ತಲೇ ಇಲ್ಲ ಎನ್ನುತ್ತೀಯ ನೀನು. ಅಲ್ಲಿ ನಾನಿರಲಿಲ್ಲ, ನ್ಯಾಯಾಧೀಶರೂ ಇರಲಿಲ್ಲ. ಅವರ ಮುಂದೆ ಬರುವುದು ಕಾಗದಪತ್ರ ಮತ್ತು ಸಾಕ್ಷಿಗಳ ಮಾತು, ಅಷ್ಟೇ.

ಕೋರ್ಟಿನ ಕಾರಿಡಾರಿನಲ್ಲಿ ಯಾರಾದರೊಬ್ಬರು ನಿನ್ನ ಕಿವಿಯಲ್ಲಿ ಉಸುರುತ್ತಾರೆ: ‘ತಪ್ಪಾಯ್ತು ಅಂತ ಒಪ್ಕೊಂಡ್ಬಿಡಿ, ಫೈನ್ ಕಟ್ಟಿ ಮನೆಗೆ ಹೋಗಿ.’ ದಯವಿಟ್ಟು ಈ ಮಾತಿಗೆ ಮರುಳಾಗಬೇಡ. ಮೊದಲ ವಾಯಿದೆಗಳಲ್ಲೇ ಆರೋಪದ ಸಾರಾಂಶ ಓದಿ ಹೇಳಿ, ಒಪ್ಪುತ್ತೀಯಾ ಎಂದು ಕೇಳುತ್ತಾರೆ. ‘ಒಪ್ಪುತ್ತೇನೆ’ ಎಂದರೆ ಅದು ಶಿಕ್ಷೆಯಾದ ಪ್ರಕರಣವೇ, ದಂಡ ಎಷ್ಟೇ ಸಣ್ಣದಿರಲಿ. ನಾಳೆ ಸರ್ಕಾರಿ ನೌಕರಿಯ ಅರ್ಜಿ ತುಂಬುವಾಗ, ಪಾಸ್‌ಪೋರ್ಟಿಗೆ ಪೊಲೀಸ್ ಪರಿಶೀಲನೆ ಆಗುವಾಗ ಅದು ಎದ್ದು ಬರುತ್ತದೆ. ಮಾಡಿದ್ದರೆ ಒಪ್ಪಿಕೋ, ಅದು ಗಂಡಸ್ತನವಲ್ಲ, ಮನುಷ್ಯತನ. ಮಾಡದಿದ್ದರೆ ಬೇಗ ಮುಗಿಯಲಿ ಎಂಬ ಒಂದೇ ಕಾರಣಕ್ಕೆ ಒಪ್ಪಿಕೊಳ್ಳಬೇಡ.

ನಿನ್ನ ಮೇಲಿರುವುದು ಭಾರತೀಯ ನ್ಯಾಯ ಸಂಹಿತೆಯ ಕಲಂಗಳು. 2024ರ ಜುಲೈ 1ರಿಂದ ಐಪಿಸಿ ಜಾಗಕ್ಕೆ ಬಂದ ಕಾನೂನು ಅದು. 115(2) ಎಂದರೆ ಹೊಡೆದು ನೋಯಿಸಿದ್ದು. ಒಂದು ವರ್ಷದವರೆಗೆ ಜೈಲು, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. 126(2) ಅಡ್ಡಗಟ್ಟಿದ್ದು. 281 ಅಡ್ಡಾದಿಡ್ಡಿ ಗಾಡಿ ಓಡಿಸಿದ್ದು. ಹೆಸರು ಕೇಳಿ ಹೆದರಬೇಡ, ಹಗುರವಾಗಿಯೂ ತೆಗೆದುಕೊಳ್ಳಬೇಡ. 1988ರಲ್ಲಿ ಪಟಿಯಾಲದ ರಸ್ತೆಯಲ್ಲಿ ನಡೆದ ಜಗಳದಲ್ಲಿ 65 ವರ್ಷದ ಹಿರಿಯರೊಬ್ಬರು ತೀರಿಕೊಂಡರು. ಕ್ರಿಕೆಟಿಗ ನವಜೋತ್ ಸಿಂಗ್ ಸಿಧು ಮೇಲಿನ ಆ ಕೇಸು ಖುಲಾಸೆ, ಶಿಕ್ಷೆ, ಸಾವಿರ ರೂಪಾಯಿ ದಂಡ ಎಂದೆಲ್ಲ ಸುತ್ತಿ, ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟು ಒಂದು ವರ್ಷದ ಜೈಲು ವಿಧಿಸುವಲ್ಲಿಗೆ ಮುಟ್ಟಿತು. ಕೆಲವು ನಿಮಿಷಗಳ ಸಿಟ್ಟಿಗೆ ಮೂವತ್ತನಾಲ್ಕು ವರ್ಷ.

ಚಾರ್ಜ್‌ಶೀಟಿನ ಪ್ರತಿಯನ್ನು ನಿನಗೆ ಪುಕ್ಕಟೆಯಾಗಿ ಕೊಡಲೇಬೇಕು, ನೀನು ಹಾಜರಾದ 14 ದಿನದೊಳಗೆ. ಸಿಕ್ಕ ದಿನವೇ ಕುಳಿತು ಓದು. ನಮ್ಮ ಜನ ಅದನ್ನು ವಕೀಲರ ಕೈಗೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನನಗೆ ಇದು ಸರಿಕಾಣುವುದಿಲ್ಲ. ಆ ಸಂಜೆ ಏನಾಯಿತೆಂದು ವಕೀಲರಿಗೆ ಗೊತ್ತಿಲ್ಲ, ನಿನಗೆ ಗೊತ್ತು. ದೂರನ್ನು ಒಂದು ಪಕ್ಕ ಇಡು, ಗಾಯದ ಪ್ರಮಾಣಪತ್ರವನ್ನು ಇನ್ನೊಂದು ಪಕ್ಕ. ಜಗಳವಾದದ್ದು ಎಷ್ಟು ಗಂಟೆಗೆ, ಆಸ್ಪತ್ರೆಗೆ ಹೋದದ್ದು ಎಷ್ಟು ಗಂಟೆಗೆ? ಎದುರಿಗೆ ನಿಂತು ಬಲಗೈಯಿಂದ ಹೊಡೆದರೆ ಪೆಟ್ಟು ಎಡಗೆನ್ನೆಗೆ ಬೀಳಬೇಕು; ವೈದ್ಯರು ಬರೆದಿರುವುದು ಯಾವ ಕೆನ್ನೆ? ಸ್ಥಳ ಮಹಜರಿನ ನಕ್ಷೆಯಲ್ಲಿ ನಿನ್ನ ಸ್ಕೂಟರು ಕಾರಿನ ಮುಂದಿದೆಯೋ ಹಿಂದಿದೆಯೋ? ಪಂಚರು ನಿಜವಾಗಿ ಅಲ್ಲಿಗೆ ಬಂದವರೋ, ಠಾಣೆಯಲ್ಲೇ ಸಹಿ ಹಾಕಿದವರೋ? ಕಂಡದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ವಕೀಲರಿಗೆ ಕೊಡು. ನಿನಗೆ ವಿರುದ್ಧವಾದದ್ದನ್ನೂ ಮುಚ್ಚಿಡದೆ ಬರೆ. ಬೈದಿದ್ದರೆ ಬೈದೆ ಎಂದು ಬರೆ. ಪಾಟೀಸವಾಲಿನ ಹೊತ್ತಿಗೆ ಅದು ಗೊತ್ತಾದರೆ ವಕೀಲರು ಏನೂ ಮಾಡಲಾರರು.

ವಿಡಿಯೊ ಇದೆ ಎಂದು ಗೆಳೆಯರು ಹಿಗ್ಗುತ್ತಿದ್ದಾರಂತೆ. 2025ರ ಏಪ್ರಿಲ್‌ನಲ್ಲಿ ಸಿ.ವಿ. ರಾಮನ್ ನಗರದ ಗಲಾಟೆ ನೆನಪಿದೆಯಲ್ಲ. ವಾಯುಪಡೆಯ ಅಧಿಕಾರಿ ರಕ್ತಸಿಕ್ತ ಮುಖದ ವಿಡಿಯೊ ಹಾಕಿದಾಗ ದೇಶವೇ ಒಂದು ಕಡೆ ವಾಲಿತು. ಸಿಸಿಟಿವಿ ದೃಶ್ಯ ಹೊರಬಂದ ಮೇಲೆ ಇನ್ನೊಂದು ಕಡೆಗೆ. ಹಾಗಾಗಿ ನೀನು ಯಾವ ತುಣುಕನ್ನೂ ಹಂಚಬೇಡ, ಕತ್ತರಿಸಬೇಡ. ಮೂಲ ಫೈಲು ಇರುವ ಮೊಬೈಲನ್ನು ಹಾಗೇ ಎತ್ತಿಡು. ಪೆನ್‌ಡ್ರೈವಿನಲ್ಲಿ ಹಾಕಿ ಕೊಟ್ಟರೆ ಸಾಲದು, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರವೂ ಜೊತೆಗೆ ಬೇಕು. ಮೂಲೆಯ ಬೇಕರಿಯ ಕ್ಯಾಮೆರಾದಲ್ಲಿ ದೃಶ್ಯ ಉಳಿದಿದೆಯೋ ಎಂದು ಈಗಲೇ ವಿಚಾರಿಸು. ಆ ಪೆಟ್ಟಿಗೆಗಳು ಹಳೆಯದನ್ನು ತಾವಾಗಿ ಅಳಿಸಿ ಹೊಸದನ್ನು ತುಂಬಿಕೊಳ್ಳುತ್ತವೆ.

ಕಾರಿನವರಿಗೆ ನೀನಾಗಿ ಫೋನ್ ಮಾಡಬೇಡ, ಕ್ಷಮೆ ಕೇಳಲಿಕ್ಕೂ ಸಹ. ಸಾಕ್ಷಿಯನ್ನು ಹೆದರಿಸಿದ ಎಂದು ಅದು ಇನ್ನೊಂದು ದೂರಾದೀತು. ರಾಜಿ ಆಗುವುದಿದ್ದರೆ ವಕೀಲರ ಮೂಲಕ ಆಗಲಿ. ಹೊಡೆದ ಆರೋಪಕ್ಕೆ, ನೋವುಂಡವರು ಒಪ್ಪಿದರೆ ರಾಜಿಯುಂಟು, ಅದು ಖುಲಾಸೆಗೆ ಸಮ. 281ಕ್ಕೆ ಆ ದಾರಿಯಿಲ್ಲ. ಎರಡೂ ಕಡೆ ಸ್ವಲ್ಪ ತಪ್ಪಿದ್ದಾಗ ರಾಜಿಯೇ ಮೇಲು ಎಂಬುದು ನನ್ನ ಅಭಿಪ್ರಾಯ. ಅದರಲ್ಲಿ ಸೋಲೇನೂ ಇಲ್ಲ.

ವಿಚಾರಣೆಯ ದಿನ ಕಾರಿನವರು ಕಟಕಟೆಯಲ್ಲಿ ನಿಂತು ಸುಳ್ಳು ಹೇಳಿದರು ಅನಿಸಿದರೂ ನೀನು ತಲೆ ಕೊಡವಬೇಡ, ನಗಬೇಡ, ಅಲ್ಲಿಂದಲೇ ಜವಾಬು ಕೊಡಬೇಡ. ಸಿಟ್ಟಿನ ಹುಡುಗ ಎಂಬುದೇ ನಿನ್ನ ಮೇಲಿನ ಆರೋಪ. ನ್ಯಾಯಾಧೀಶರ ಕಣ್ಣು ನಿನ್ನ ಮೇಲೂ ಇರುತ್ತದೆ. ನಿನ್ನ ಸರದಿ ಬರುತ್ತದೆ. ಸಾಕ್ಷಿಗಳು ಮುಗಿದ ಮೇಲೆ ಪ್ರಮಾಣವಿಲ್ಲದೆ ನಿನ್ನ ಹೇಳಿಕೆ ಕೇಳುತ್ತಾರೆ, ಉತ್ತರಿಸಲಿಲ್ಲವೆಂದು ಶಿಕ್ಷಿಸುವಂತಿಲ್ಲ. ನೆನಪಿದ್ದದ್ದನ್ನು ಹೇಳು, ನೆನಪಿಲ್ಲದ್ದಕ್ಕೆ ನೆನಪಿಲ್ಲ ಎನ್ನು. ಆರೋಪವನ್ನು ಸಂಶಯಾತೀತವಾಗಿ ಸಾಬೀತು ಮಾಡುವ ಹೊಣೆ ಸರ್ಕಾರದ್ದು.

ಒಂದು ವಾಯಿದೆಯನ್ನೂ ತಪ್ಪಿಸಬೇಡ. ಹೆಸರು ಕೂಗಿದಾಗ ನೀನು ಹೊರಗೆ ಟೀ ಕುಡಿಯುತ್ತಿದ್ದರೂ ವಾರಂಟು ಹೊರಡಬಹುದು. ಹುಷಾರಿಲ್ಲದಿದ್ದರೆ ಬೆಳಿಗ್ಗೆಯೇ ವಕೀಲರಿಗೆ ತಿಳಿಸು, ಗೈರುಹಾಜರಿಗೆ ಅರ್ಜಿ ಹಾಕುತ್ತಾರೆ. ವಕೀಲರ ಶುಲ್ಕದ ಚಿಂತೆ ನಿನಗೆ ಬೇಡ, ಅದನ್ನು ನಾನು ನೋಡಿಕೊಳ್ಳುತ್ತೇನೆ. ಇದನ್ನು ಓದುವ ಉಳಿದ ಮಕ್ಕಳಲ್ಲಿ ಯಾರಿಗಾದರೂ ದುಡ್ಡಿನ ಅಡಚಣೆಯಿದ್ದರೆ, ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ವಾಯಿದೆಯ ಹಿಂದಿನ ದಿನದವರೆಗೆ ಕಾಯದೆ ಇವತ್ತೇ ಫೋನ್ ಮಾಡಿ.

ನಿನ್ನ ಮಾವ