ಬಟವಾಡೆ ಬ್ಯಾಂಕಿಗೆ ಬಂದರೆ: ತೋಟ ಕಾರ್ಮಿಕರು ತಿಳಿದಿರಬೇಕಾದದ್ದು

ಕೊಡಗಿನ ಕಾಫಿ ತೋಟಗಳಲ್ಲಿ ಬಟವಾಡೆ ಎಂದರೆ ಕೈಗೆ ಸಿಗುವ ನಗದು. ಈ ರೂಢಿಗೆ ದೊಡ್ಡ ಪೆಟ್ಟು ಬಿದ್ದದ್ದು 2016ರ ನವೆಂಬರ್ 8ರ ನೋಟು ರದ್ದತಿಯಿಂದ. ಅರೇಬಿಕಾ ಕುಯ್ಲಿನ ಹೊತ್ತಿಗೇ ಕೂಲಿ ಕೊಡಲು ನೋಟಿನ ಅಭಾವ ಎದುರಾಯಿತು. ಹಾಗಾದರೆ ‘ಕೂಲಿಯನ್ನು ಖಾತೆಗೇ ಹಾಕುತ್ತೇವೆ’ ಎಂದು ಮಾಲೀಕರು ಪಟ್ಟು ಹಿಡಿಯಬಹುದೇ? ಹಿಡಿಯಬಹುದು. 1936ರ ವೇತನ ಪಾವತಿ ಕಾಯ್ದೆಯಡಿ ಹಿಂದೆ ಇದಕ್ಕೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕಿತ್ತು. 2017ರ ತಿದ್ದುಪಡಿ ಆ ಷರತ್ತನ್ನು ತೆಗೆದುಹಾಕಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯ 15ನೇ ಸೆಕ್ಷನ್ ನಗದು, ಚೆಕ್, ಬ್ಯಾಂಕ್ ಖಾತೆ, ಎಲೆಕ್ಟ್ರಾನಿಕ್ ವಿಧಾನ ಎಲ್ಲಕ್ಕೂ ಅವಕಾಶ ಕೊಡುತ್ತದೆ. ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಸಂಸ್ಥೆಗಳಲ್ಲಿ ನಗದು ಪಾವತಿಯೇ ಇರುವುದಿಲ್ಲ. ಆದರೆ ಪಾವತಿಯ ದಾರಿ ಮಾಲೀಕರ ಆಯ್ಕೆಯಾದರೂ, ಕೂಲಿಯ ಮೊತ್ತ ಮತ್ತು ದಿನ ಅವರ ಇಷ್ಟಕ್ಕೆ ಬಿಟ್ಟದ್ದಲ್ಲ.

ಮೊದಲ ಹೆಜ್ಜೆ, ಖಾತೆ. ಅದು ಕಾರ್ಮಿಕರ ಸ್ವಂತ ಖಾತೆಯೇ ಆಗಿರಬೇಕು. ಹತ್ತು ಮಂದಿಯ ಕೂಲಿಯನ್ನು ಮೇಸ್ತ್ರಿಯ ಖಾತೆಗೆ ಹಾಕಿ ಹಂಚಿಸುವುದು ಕಾನೂನು ಹೇಳುವ ಪಾವತಿಯಲ್ಲ. ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದರೆ ಹೆಂಡತಿಯ ಕೂಲಿ ಆಕೆಯ ಖಾತೆಗೇ ಬರಲಿ. ಕನಿಷ್ಠ ಠೇವಣಿ ಬೇಡದ ಮೂಲ ಉಳಿತಾಯ ಖಾತೆ ಅಥವಾ ಜನಧನ ಖಾತೆ ಇದಕ್ಕೆ ಸಾಕು. ಎಟಿಎಂ ಕಾರ್ಡನ್ನೂ ಪಿನ್ ಸಂಖ್ಯೆಯನ್ನೂ ರೈಟರಿಗಾಗಲಿ ಮೇಸ್ತ್ರಿಗಾಗಲಿ ಒಪ್ಪಿಸಬೇಡಿ.

ಎರಡನೆಯದು, ದಿನ ಮತ್ತು ಮೊತ್ತ. ವಾರದ ಕೂಲಿ ವಾರದ ರಜೆಗೆ ಮುನ್ನ, ತಿಂಗಳ ಸಂಬಳ ಮರು ತಿಂಗಳ 7ನೇ ತಾರೀಖಿನೊಳಗೆ ಸಲ್ಲಬೇಕು. ಕೆಲಸ ಬಿಟ್ಟವರಿಗೆ ಎರಡು ಕೆಲಸದ ದಿನಗಳೊಳಗೆ. ಮುಂಗಡವೂ ಸೇರಿ ಎಲ್ಲ ಕಡಿತಗಳ ಒಟ್ಟು ಮೊತ್ತ ಕೂಲಿಯ ಶೇ 50ನ್ನು ಮೀರುವಂತಿಲ್ಲ. ವೇತನ ಚೀಟಿ ಕೊಡುವುದು ಮಾಲೀಕರ ಹೊಣೆ. ಕೇಳಿ ಪಡೆಯಿರಿ, ಪಾಸ್‌ಬುಕ್ಕಿನೊಂದಿಗೆ ತಾಳೆ ನೋಡಿ.

ಬ್ಯಾಂಕಿಗೆ ಹೋಗಿಬರಲು ಅರ್ಧ ದಿನದ ಕೂಲಿ ಹೋಗುತ್ತದೆ, ಓದು ಬಾರದವರು ಚಲನ್ ತುಂಬಲು ಪರದಾಡುತ್ತಾರೆ ಎಂಬ ಆಕ್ಷೇಪ ನಿಜವಾದದ್ದೇ. ಲೈನ್ ಮನೆಯಲ್ಲಿರುವ ಯರವ ಕುಟುಂಬಕ್ಕೂ ಅಸ್ಸಾಮಿನಿಂದ ಬಂದ ಕಾರ್ಮಿಕರಿಗೂ ಸಂತೆಯ ದಿನ ಕೈಯಲ್ಲಿ ಕಾಸು ಬೇಕು. ಖಾತೆಗೆ ಆಧಾರ್ ಜೋಡಿಸಿದ್ದರೆ ಅಂಚೆ ಸಿಬ್ಬಂದಿ ಅಥವಾ ಬ್ಯಾಂಕ್ ಮಿತ್ರರ ಬಳಿ ಬೆರಳಚ್ಚು ಕೊಟ್ಟು ಹಣ ಪಡೆಯಬಹುದು. ಅಂಥವರನ್ನು ಬಟವಾಡೆಯ ದಿನ ತೋಟಕ್ಕೇ ಕರೆಸುವುದು, ಇಲ್ಲವೇ ಬ್ಯಾಂಕಿಗೆ ಹೋಗಲು ಬಿಡುವು ಕೊಡುವುದು ಈ ಪದ್ಧತಿಯನ್ನು ಬಯಸುವ ಮಾಲೀಕರ ಕರ್ತವ್ಯವೆಂದೇ ನಾನು ಭಾವಿಸುತ್ತೇನೆ. ಇಷ್ಟಾದರೆ ಬ್ಯಾಂಕ್ ಪಾವತಿ ಕಾರ್ಮಿಕರಿಗೇ ಹೆಚ್ಚು ಲಾಭ. ರೈಟರ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತಿದ ಮೇಲೆ ಎಷ್ಟು ಕೈಸೇರಿತು ಎಂದು ವಾದಿಸುವುದು ಕಷ್ಟ; ಪಾಸ್‌ಬುಕ್ಕಿನಲ್ಲಿ ತಾರೀಖು, ಮೊತ್ತ ಎರಡೂ ಅಚ್ಚಾಗಿರುತ್ತವೆ.

ಕೊನೆಯ ಹೆಜ್ಜೆ, ದೂರು. ಕೂಲಿ ಬಾರದಿದ್ದರೆ ಅಥವಾ ಕಡಿಮೆ ಬಂದರೆ ಮೊದಲು ಲಿಖಿತವಾಗಿ ಕೇಳಿ, ನಂತರ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಮೂರು ವರ್ಷದೊಳಗೆ ಹಕ್ಕು ಮಂಡಿಸಬಹುದು. ನಿಮ್ಮ ಪರವಾಗಿ ಕಾರ್ಮಿಕ ಸಂಘವೂ ಮಂಡಿಸಬಹುದು. ಕೂಲಿ ಕೊಟ್ಟಿದ್ದೇನೆಂದು ರುಜುವಾತು ಮಾಡುವ ಹೊಣೆ ಮಾಲೀಕರದು. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಬ್ಯಾಂಕಿಗೆ ಹೆದರಿ ನಗದಿಗೇ ಜೋತುಬೀಳಬೇಡಿ. ಖಾತೆ, ಕಾರ್ಡು, ಪಾಸ್‌ಬುಕ್ ಮೂರನ್ನೂ ನಿಮ್ಮ ಬಳಿಯೇ ಇಟ್ಟುಕೊಳ್ಳಿ.