ಅವಧಿಗೆ ಮುನ್ನ ಹುಟ್ಟುವ ಶಿಶು: ಉಸಿರು ಮತ್ತು ಸಕ್ಕರೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದೊಡನೆ ನಮಗೆ ಹಾಸುಗಲ್ಲಿನ ಗಣಿಗಳೂ ಸಿಮೆಂಟಿನ ಕಾರ್ಖಾನೆಗಳೂ ತೊಗರಿಯ ಹೊಲಗಳೂ ನೆನಪಾಗುತ್ತವೆ. ಈ ಸೀಮೆಯ ಗರ್ಭಿಣಿಯೊಬ್ಬಳಿಗೆ ಎಂಟನೆಯ ತಿಂಗಳಿನಲ್ಲಿಯೇ ಹೆರಿಗೆಯ ನೋವು ಕಾಣಿಸಿತೆಂದು ಭಾವಿಸೋಣ. ಬಲಿಯದ ಶಿಶುವಿನ ವಿಶೇಷ ಆರೈಕೆಗೆ ಬಹುಮಟ್ಟಿಗೆ ಕಲಬುರಗಿ ನಗರವನ್ನೇ ಸೇರಬೇಕು. ಚಿಂಚೋಳಿಯಿಂದ ಅದು ಸುಮಾರು 80 ಕಿಲೋಮೀಟರ್ ದೂರ. ಹೊರಡುವ ಮೊದಲು ತಾಯಿಗೆ ಒಂದು ಚುಚ್ಚುಮದ್ದನ್ನು ಕೊಡುವುದುಂಟು. ಮದ್ದು ತಾಯಿಗೆ, ಪ್ರಯೋಜನ ಶಿಶುವಿಗೆ. ಇದರ ಮರ್ಮವೇನು?

ನಮ್ಮ ಶ್ವಾಸಕೋಶಗಳು ಅಸಂಖ್ಯ ಗಾಳಿಗೂಡುಗಳಿಂದಾಗಿವೆ. ಒದ್ದೆಯಾದ ಎರಡು ಗಾಜಿನ ಫಲಕಗಳು ಒಂದಕ್ಕೊಂದು ಅಂಟಿಕೊಳ್ಳುವಂತೆ, ಈ ಗೂಡುಗಳ ಒದ್ದೆ ಗೋಡೆಗಳೂ ಅಂಟಿಕೊಳ್ಳಲು ಹವಣಿಸುತ್ತವೆ. ಅದನ್ನು ತಡೆಯುವುದು ಗೋಡೆಗಳಲ್ಲಿಯೇ ಸ್ರವಿಸುವ ಒಂದು ಜಿಡ್ಡಿನ ಪದಾರ್ಥ. ಗರ್ಭದ ಕೊನೆಯ ವಾರಗಳಲ್ಲಿಯೇ ಅದು ಸಾಕಷ್ಟು ಸಿದ್ಧವಾಗುವುದು. ಮೊದಲೇ ಹುಟ್ಟಿದ ಶಿಶು ಒಂದೊಂದು ಉಸಿರಿಗೂ ಹೆಣಗಬೇಕಾಗುತ್ತದೆ.

ನ್ಯೂಜಿಲೆಂಡಿನ ವೈದ್ಯ ಲಿಗಿನ್ಸ್ 1960ರ ದಶಕದಲ್ಲಿ ಕುರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಸ್ಟಿರಾಯ್ಡ್ ಪಡೆದ ಕುರಿಮರಿಗಳು ಬಹು ಮುಂಚೆ ಹುಟ್ಟಿದರೂ ಉಸಿರಾಡುವುದನ್ನು ಕಂಡರು. 1972ರಲ್ಲಿ ಅವರೂ ಹೌವಿ ಎಂಬ ಮಕ್ಕಳ ವೈದ್ಯರೂ ಕೂಡಿ, ಗರ್ಭಿಣಿಯರಿಗೆ ಆ ಮದ್ದನ್ನು ಕೊಟ್ಟರೆ ಶಿಶುಗಳ ಉಸಿರಾಟದ ತೊಂದರೆ ಕಡಮೆಯಾಗುವುದೆಂದು ಪ್ರಕಟಿಸಿದರು. ಭಾರತ ಸರ್ಕಾರದ 2014ರ ಸೂಚನೆಯಂತೆ 24ರಿಂದ 34 ವಾರಗಳ ಗರ್ಭಕ್ಕೆ ಡೆಕ್ಸಾಮೆಥಾಸೋನನ್ನು ತಲಾ 6 ಮಿಲಿಗ್ರಾಮಿನಂತೆ 12 ಗಂಟೆಗೊಮ್ಮೆ ನಾಲ್ಕು ಬಾರಿ ಕೊಡಬೇಕು. ಪೂರ್ಣ ಫಲಕ್ಕೆ ಸುಮಾರು ಒಂದು ದಿನ ಬೇಕು. ಆದುದರಿಂದಲೇ ದೂರದ ಊರುಗಳಲ್ಲಿ ಮೊದಲ ಚುಚ್ಚುಮದ್ದು ಪ್ರಯಾಣಕ್ಕೆ ಮುನ್ನವೇ ಆಗುವುದು ಲೇಸು.

ಇನ್ನು ಸಕ್ಕರೆಯ ವಿಚಾರ. ಸ್ಟಿರಾಯ್ಡಿನಿಂದ ತಾಯಿಯ ರಕ್ತದಲ್ಲಿ ಸಕ್ಕರೆ ಏರುತ್ತದೆ. ಅದು ಮಾಸಿನ ಮೂಲಕ ಶಿಶುವಿಗೂ ಹರಿಯುವುದರಿಂದ ಶಿಶು ಹೆಚ್ಚು ಇನ್ಸುಲಿನನ್ನು ತಯಾರಿಸುವುದು. ಹೊಕ್ಕುಳಬಳ್ಳಿಯನ್ನು ಕತ್ತರಿಸಿದೊಡನೆ ಸಕ್ಕರೆಯ ಪೂರೈಕೆ ನಿಂತಿತು. ಇನ್ಸುಲಿನ್ ಮಾತ್ರ ಉಳಿಯಿತು. ಬಲಿಯದ ಶಿಶುವಿನ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆಯೂ ಅಲ್ಪವೇ. ಆದ್ದರಿಂದ ರಕ್ತದ ಸಕ್ಕರೆ ಇಳಿಯುತ್ತದೆ. ಮೆದುಳಿಗೆ ಸಕ್ಕರೆಯೇ ಮುಖ್ಯ ಇಂಧನವಾಗಿರುವುದರಿಂದ ಈ ಇಳಿತ ಬಹಳ ಹೊತ್ತು ಮುಂದುವರಿದರೆ ಅಪಾಯವುಂಟು. ಅಮೆರಿಕದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, 34ರಿಂದ 36 ವಾರಗಳ ಗರ್ಭಿಣಿಯರಿಗೆ ಸ್ಟಿರಾಯ್ಡ್ ಕೊಟ್ಟಾಗ ಶಿಶುಗಳಲ್ಲಿ ಶೇಕಡ 24ರಷ್ಟಕ್ಕೆ ಸಕ್ಕರೆ ಇಳಿದಿತ್ತು. ಕೊಡದಿದ್ದಾಗ ಶೇಕಡ 15ರಷ್ಟಕ್ಕೆ.

ಹಾಗಾದರೆ ಮದ್ದನ್ನೇ ಬಿಡೋಣವೆ? ನಮ್ಮ ಬೆಳಗಾವಿಯೂ ಪಾಲ್ಗೊಂಡ ಎರಡು ದೊಡ್ಡ ಪರೀಕ್ಷೆಗಳು ಇದಕ್ಕೆ ಉತ್ತರವೀಯುತ್ತವೆ. 2015ರಲ್ಲಿ ಪ್ರಕಟವಾದ ಮೊದಲನೆಯದರಲ್ಲಿ ಹಳ್ಳಿಗಳವರೆಗೂ ಮದ್ದನ್ನು ಒಯ್ದರು. ಅವಧಿಗೆ ಮುನ್ನ ಹೆರದ ಅನೇಕರಿಗೂ ಅದು ಸಂದಿತು. ಫಲವಾಗಿ ಶಿಶುಮರಣ ಇಳಿಯಲಿಲ್ಲ, ಒಟ್ಟಿನಲ್ಲಿ ತುಸು ಏರಿತು. 2020ರ ಎರಡನೆಯದರಲ್ಲಿ ಗರ್ಭದ ವಾರಗಳನ್ನು ಸರಿಯಾಗಿ ನಿರ್ಧರಿಸಿ, ಆರೈಕೆಯ ಅನುಕೂಲವಿದ್ದ ಆಸ್ಪತ್ರೆಗಳಲ್ಲಿ 34 ವಾರ ತುಂಬದವರಿಗೆ ಮಾತ್ರ ಕೊಟ್ಟರು. ನವಜಾತರ ಮರಣ ಶೇಕಡ 23.5ರಿಂದ 19.6ಕ್ಕೆ ಇಳಿಯಿತು. ಮದ್ದು ಹೆಚ್ಚುಕಡಮೆ ಒಂದೇ. ವಾರಗಳ ಲೆಕ್ಕ ಮತ್ತು ಅನಂತರದ ಆರೈಕೆ ಬೇರೆ.

ಸಕ್ಕರೆ ಇಳಿದ ಶಿಶು ನಡುಗಬಹುದು, ಮಂಕಾಗಬಹುದು, ಹಾಲು ಕುಡಿಯದಿರಬಹುದು. ಎಷ್ಟೋ ವೇಳೆ ಯಾವ ಲಕ್ಷಣವೂ ಕಾಣದು. ಆದುದರಿಂದ ಹಿಮ್ಮಡಿಯಿಂದ ಒಂದು ಹನಿ ರಕ್ತವನ್ನು ತೆಗೆದು ಮೊದಲ ಗಂಟೆಗಳಲ್ಲಿ ಮತ್ತೆ ಮತ್ತೆ ಅಳೆಯಬೇಕು. 100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 45 ಮಿಲಿಗ್ರಾಮಿಗಿಂತ ಕಡಮೆಯಾದರೆ ವೈದ್ಯರು ಸಾಮಾನ್ಯವಾಗಿ ಎಚ್ಚರಗೊಳ್ಳುತ್ತಾರೆ. ತಾಯಿಯ ಮೈಯ ಬೆಚ್ಚನೆಯ ಆಸರೆ ಮತ್ತು ಮೊದಲ ಗಂಟೆಯೊಳಗಿನ ಎದೆಹಾಲು ಮೊದಲ ರಕ್ಷಣೆ. ಸಾಲದಾದರೆ ಗ್ಲೂಕೋಸನ್ನು ರಕ್ತನಾಳಕ್ಕೆ ಹರಿಸುವರು. ಮನೆಯವರು ಜೇನನ್ನೋ ಬೆಲ್ಲದ ನೀರನ್ನೋ ನೆಕ್ಕಿಸುವುದು ತರವಲ್ಲ.

ಕಡೆಯ ಮುಟ್ಟಿನ ದಿನಾಂಕವನ್ನು ಬರೆದಿಡುವುದು, ಮೊದಲ ತಿಂಗಳುಗಳಲ್ಲಿಯೇ ಗರ್ಭದ ತಪಾಸಣೆ ಮಾಡಿಸುವುದು, ತಾಯಿಗೆ ಕೊಟ್ಟ ಚುಚ್ಚುಮದ್ದಿನ ವೇಳೆಯನ್ನು ನಮೂದಿಸಿದ ಚೀಟಿಯನ್ನು ಜೊತೆಗೊಯ್ಯುವುದು ಚಿಕ್ಕ ಕೆಲಸಗಳೇ. ಆದರೆ ಆ ಚೀಟಿಯನ್ನು ಓದಿದ ದಾದಿಯು ಶಿಶು ಚೆನ್ನಾಗಿ ಉಸಿರಾಡುತ್ತಿದೆಯೆಂದು ಅಷ್ಟಕ್ಕೇ ತೃಪ್ತಳಾಗದೆ, ಅದರ ಸಕ್ಕರೆಯನ್ನೂ ಅಳೆಯುವಳು.